ಚಾಷ್ಟಿ ಎಲ್ಲಿಂದ ಬಂತು?

ನಮ್ಮ ಸಿಂದಗಿ ಕಡೆ ಯಾರಾದರೂ ಕಾಡಿಸಿ ನಗಿಸಿದರೆ, "ಏ, ಚಾಷ್ಟಿ ಮಾಡಬ್ಯಾಡಪ್ಪಾ" ಅಂತಾರೆ. ಅಂತಾರಷ್ಟೇ, ಬಿಡಲಿ ಅನ್ನೋ ಆಸೆ ಯಾರಿಗೂ ಇರಲ್ಲ. ಬೆಂಗಳೂರಿಗೆ ಬಂದ ಹೊಸತರಲ್ಲಿ ಆಫೀಸಿನಲ್ಲಿ ಒಬ್ಬರಿಗೆ ಹೀಗೇ ಚಾಷ್ಟಿ ಮಾಡಿದೆ. ಅವರು ಅವಮಾನ ಅಂದುಕೊಂಡರು. ಅವತ್ತಿನಿಂದ ಪದಾನೂ ಬಿಟ್ಟೆ, ಚಾಳಿನೂ ಬಿಟ್ಟೆ.

ಮೊನ್ನೆ ಇಂಗ್ಲಿಷಿನ ಹಳೇ ಪುಸ್ತಕ ಓದುವಾಗ 'ಡಿಸ್ಪೋರ್ಟ್' ಅನ್ನೋ ಪದ ಸಿಕ್ಕಿತು. ವಿನೋದ, ಆಟ ಅಂತ ಅರ್ಥ. ಈಗ ಬಳಕೆ ಕಡಿಮೆ. ಆದರೆ ಅದರ ತಲೆ ಉದುರಿ ಉಳಿದದ್ದೇ ನಾವು ದಿನಾ ಅನ್ನೋ 'ಸ್ಪೋರ್ಟ್'. ಹಳೇ ಫ್ರೆಂಚಿನಲ್ಲಿ ಅದರ ಮೂಲ ಅರ್ಥ 'ಹೊತ್ತು ಆಚೆ ಒಯ್ಯು'. ಸ್ಟೇಷನ್ನಿನ ಪೋರ್ಟರ್ ಕೂಡ ಇದೇ ಮನೆತನದವನು. ಒಬ್ಬ ಸಾಮಾನು ಹೊರ್ತಾನೆ, ಇನ್ನೊಂದು ಮನಸ್ಸನ್ನು. 14ನೇ ಶತಮಾನದಲ್ಲಿ ಚಾಸರ್ ಬರೆದ ಕಥೆಯಲ್ಲಿ ಕ್ಯಾಂಟರ್ಬರಿಗೆ ಹೊರಟ ಯಾತ್ರಿಕರು ದಾರಿಯುದ್ದಕ್ಕೂ ಕಥೆ ಹೇಳೋದು ಇದೇ 'ಡಿಸ್ಪೋರ್ಟ್'ಗಾಗಿ.

ಕುತೂಹಲಕ್ಕೆ ನಮ್ಮ ಪದಗಳನ್ನೂ ಕೆದಕಿದೆ. 'ಚಾಷ್ಟಿ' ಸಂಸ್ಕೃತದ ಚೇಷ್ಟೆ. ಮೂಲ ಅರ್ಥ ಅಂಗಾಂಗಗಳ ಚಲನೆ. 'ಮೋಜು' ಅರಬ್ಬಿಯ 'ಮೌಜ್', ಅಂದ್ರೆ ನೀರಿನ ಅಲೆ. 'ತಮಾಷೆ'ಯ ಅರಬ್ಬಿ ಬೇರಿನಲ್ಲಿರೋದು ಜೊತೆಗೂಡಿ ನಡೆಯೋದು. ಪಾರ್ಸಿಗೆ ಬಂದು ಅದು ಅಡ್ಡಾಟ ಆಯಿತು, ಆಮೇಲೆ ನೋಡುವ ಮೋಜಾಯಿತು. ಯಾವುದೂ ಕೂತಲ್ಲೇ ಕೂತಿಲ್ಲ ನೋಡಿ.

ಅರಬ್ಬಿ ಮಾತು ಇಂಡಿ, ಮುದ್ದೇಬಿಹಾಳದ ಹೊಲಗಳಿಗೆ ಹೇಗೆ ಬಂತು ಅಂತ ಅಚ್ಚರಿ ಪಡಬೇಕಿಲ್ಲ. 1490ರಿಂದ 1686ರವರೆಗೆ ವಿಜಾಪುರ ಆದಿಲ್‌ಶಾಹಿಗಳದು; ದರಬಾರಿನಲ್ಲಿ ಪಾರ್ಸಿ ಇತ್ತು. ಆಮೇಲೆ ಪೇಶ್ವೆಗಳು, ಮುಂಬೈ ಪ್ರಾಂತ್ಯ. 1956ರವರೆಗೂ ನಮಗೆ ಮರಾಠಿಯ ನಂಟು. ಆಳಿದವರು ಹೋದರು, ಅವರ ಮೋಜು, ತಮಾಷೆ ನಮ್ಮ ಕಟ್ಟೆ ಮೇಲೆ ಉಳಿದವು.

ಚಾಸರನ ಯಾತ್ರಿಕರನ್ನು ಓದಿದಾಗ ನನಗೆ ನಮ್ಮೂರ ಶ್ರೀಶೈಲದ ಪಾದಯಾತ್ರೆ ನೆನಪಾಯಿತು. ಯುಗಾದಿ ಹತ್ತಿರ ಬಂದರೆ ಬಾಗೇವಾಡಿ, ಸಿಂದಗಿ ಕಡೆಯ ಮಂದಿ ಉರಿಬಿಸಿಲಲ್ಲಿ ನಡೀತಾರೆ. ಒಂದು ವರ್ಷ ನಮ್ಮ ಕಾಕಾ ಕಾಲಿಗೆ ಬೊಬ್ಬೆ ಎದ್ದು ಕೂತುಬಿಟ್ಟಿದ್ದ. "ಮಲ್ಲಯ್ಯನೇ ಇಲ್ಲಿಗೆ ಬರಬೇಕೇನಪಾ?" ಅಂತ ಜೊತೆಗಿದ್ದವನೊಬ್ಬ ಚಾಷ್ಟಿ ಮಾಡಿದ. ಕಾಕಾ ಬೈಕೋತ, ನಕ್ಕೋತ ಎದ್ದು ನಡೆದ.

ಕಳೆದ ವಾರ ಅವ್ವ ಫೋನಿನಲ್ಲಿ ಕೇಳಿದಳು: "ಮೊದಲಿನಂಗ ಚಾಷ್ಟಿ ಮಾಡಂಗಿಲ್ಲಲ್ಲೋ. ಆರಾಮ ಇದ್ದಿ ಇಲ್ಲೋ?"

ಜ್ವರ ಬಂದವರನ್ನು ಕೇಳುವ ದನಿ ಅದು. ಏನು ಹೇಳಲಿ? "ನಿನ್ನ ಅಡಗಿ ಬಿಟ್ಟ ಮ್ಯಾಲೆ ಭಾಳ ಆರಾಮ ಇದ್ದೀನಿ ಯವ್ವಾ" ಅಂದೆ.

ಐದು ನಿಮಿಷ ಬೈದಳು. ಎಷ್ಟೋ ದಿನದ ಮೇಲೆ ಹಾಯೆನಿಸಿತು.