ನಮ್ಮ ಸೀಮೆಯ ಚರಿತ್ರೆ, ಭಾಗ 7: ಸರಾಸರಿ ದರ ಯಾರ ಬೇಲ್‌ಗೆ ಬಿತ್ತು?

ಹುಣಸೂರು ಸೀಮೇಲಿ ಹೊಗೆಸೊಪ್ಪಿನ ಹರಾಜು ಶುರುವಾದ್ರೆ ಟೀ ಅಂಗಡೀಲಿ ಒಂದೇ ಪ್ರಶ್ನೆ: "ಇವತ್ತು ಸರಾಸರಿ ಎಷ್ಟಂತೆ?" ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಎಲ್ಲಿ ಕೇಳಿದ್ರೂ ಇದೇ.

ಈ ಹರಾಜು ತೀರಾ ಹಳೇದೇನಲ್ಲ. 1975ರ ಕಾಯ್ದೆಯಂತೆ ತಂಬಾಕು ಮಂಡಳಿ 1976ರ ಜನವರಿ 1ರಂದು ಹುಟ್ಟಿತು. ಕೇಂದ್ರ ಕಚೇರಿ ಗುಂಟೂರಿನಲ್ಲಿ. ಆದ್ರೆ ಹರಾಜು ಮೊದಲು ಬಂದಿದ್ದು ನಮ್ಮ ಕರ್ನಾಟಕಕ್ಕೆ, 1984ರಲ್ಲಿ. ಆಂಧ್ರಕ್ಕೆ ಮರುವರ್ಷ. (ಇದನ್ನ ನಮ್ಮವರೇ ಮರೆತಿದ್ದಾರೆ!) ಹರಾಜು ಬಂದಮೇಲೆ ಒಂದೊಂದು ಬೇಲ್‌ನ ದರವೂ ಎಲ್ಲರೆದುರು ದಾಖಲಾಗೋಕೆ ಶುರುವಾಯ್ತು. ಊರೂರಿಗೆ ಹಬ್ಬೋದು ಮಾತ್ರ ಹೆಚ್ಚಾಗಿ ಸರಾಸರಿಯೊಂದೇ.

ಲೆಕ್ಕಕ್ಕೆ ಅಂತ ಎರಡು ದಿನ ಇಟ್ಕೊಳ್ಳಿ. ಅಂಕಿ ನಾನು ಹಾಕಿದ್ದು. ದಿನಕ್ಕೆ ಐದು ಬೇಲ್, ತೂಕ ಒಂದೇ, ಒಂದೊಂದೂ ಒಬ್ಬೊಬ್ಬ ರೈತರದು.

ಮೊದಲ ದಿನ, ಕೆ.ಜಿ.ಗೆ: 190, 195, 200, 205, 210 ರೂ.
ಎರಡನೇ ದಿನ: 120, 180, 210, 240, 250 ರೂ.

ಎರಡೂ ದಿನದ ಸರಾಸರಿ 200. ಈಗ ಒಂದೊಂದು ದರವೂ 200ರಿಂದ ಎಷ್ಟು ದೂರ ಇದೆ ನೋಡಿ. ಮೇಲೋ ಕೆಳಗೋ ಬೇಡ, ದೂರ ಅಷ್ಟೇ ಸಾಕು. ಮೊದಲ ದಿನ 10, 5, 0, 5, 10. ಕೂಡಿ ಐದರಿಂದ ಭಾಗಿಸಿದ್ರೆ 6. ಎರಡನೇ ದಿನ 80, 20, 10, 40, 50. ಭಾಗಿಸಿದ್ರೆ 40. ಇದೇ ಸರಾಸರಿ ವಿಚಲನೆ. ಕೆ.ಜಿ.ಗೆ 185 ರೂ. ಖರ್ಚು ಬಿದ್ದಿದೆ ಅಂದ್ಕೊಂಡ್ರೆ ಮೊದಲ ದಿನ ಯಾರಿಗೂ ನಷ್ಟವಿಲ್ಲ. ಎರಡನೇ ದಿನ ಇಬ್ಬರಿಗೆ ನಷ್ಟ, ಅದ್ರಲ್ಲಿ ಒಬ್ಬರು ಕೆ.ಜಿ.ಗೆ 65 ರೂ. ಕೈಯಿಂದ ಹಾಕಿ ಬ್ಯಾರನ್‌ಗೆ ಸೌದೆ ಉರಿಸಿದ ಹಾಗೆ. ಸುದ್ದಿಯಲ್ಲಿ ಮಾತ್ರ ಎರಡು ದಿನವೂ "ಸರಾಸರಿ 200, ದರ ಸ್ಥಿರ".

ಈ ದೂರದ ಲೆಕ್ಕಕ್ಕೂ ಚರಿತ್ರೆ ಇದೆ. ಭೂಮಿಯ ಆಕಾರ ಅಳೆದವರ ಅಂಕಿಗಳು ಒಂದಕ್ಕೊಂದು ತಾಳೆಯಾಗದೆ ಇದ್ದಾಗ, 1757ರಲ್ಲಿ ಬಾಸ್ಕೊವಿಚ್ ಇಂಥ ದೂರಗಳ ಮೊತ್ತವನ್ನೇ ಹಿಡಿದು ದಾರಿ ಹುಡುಕಿದ. 1914ರಲ್ಲಿ ಖಗೋಳ ವಿಜ್ಞಾನಿ ಎಡಿಂಗ್ಟನ್ ಸರಾಸರಿ ವಿಚಲನೆಯೇ ಮೇಲು ಅಂದ್ರು. 1920ರಲ್ಲಿ ಫಿಶರ್ ಗಣಿತ ಮುಂದಿಟ್ಟು, ದೂರವನ್ನ ವರ್ಗ ಮಾಡಿ ಹಾಕೋ ಮಾನಕ ವಿಚಲನೆಯ ಪರ ವಾದಿಸಿದ್ರು. ಪಠ್ಯಪುಸ್ತಕದಲ್ಲಿ ಗೆದ್ದಿದ್ದು ಫಿಶರ್. ಹರಾಜು ಕಟ್ಟೆಗೆ ನನ್ನ ವೋಟು ಎಡಿಂಗ್ಟನ್‌ಗೆ: ಬೀಡಿ ಕಟ್ಟಿನ ಹಿಂದೆ ಪೆನ್ಸಿಲ್‌ನಲ್ಲೇ ಹಾಕಬಹುದು, ಉತ್ತರ ನೇರ ರೂಪಾಯಿಯಲ್ಲೇ ಬರುತ್ತೆ.

ಈ ಸಲದ ನಿಮ್ಮೂರಿನ ಐದು ಬೇಲ್‌ಗಳ ದರ ಕಾಮೆಂಟ್‌ನಲ್ಲಿ ಹಾಕಿ, ಒಟ್ಟಿಗೆ ಲೆಕ್ಕ ಮಾಡೋಣ. ಮುಂದಿನ ಭಾಗ: ಲಕ್ಷ್ಮಣತೀರ್ಥದ ಅಣೆಕಟ್ಟು.

#ಕಟ್ಟೆಮಳಲವಾಡಿ #ಹುಣಸೂರು #ಹೊಗೆಸೊಪ್ಪು #ನಮ್ಮಸೀಮೆಯಚರಿತ್ರೆ