ವೇಕ್‌ಫೀಲ್ಡಿನ ಗ್ರಂಥಪಾಲಕರ ಮಣ್ಣಿನ ಪಾತ್ರೆಗಳು

ಮಣ್ಣನ್ನು ಹದಗೊಳಿಸುವುದು, ತಿಗರಿಯ ಮೇಲೆ ಆಕಾರ ಕೊಡುವುದು, ಮೆರುಗು ಹಚ್ಚಿ ಆವಿಗೆಯಲ್ಲಿ ಸುಡುವುದು, ಇವೆಲ್ಲವೂ ಒಬ್ಬರೇ ಕುಶಲಕರ್ಮಿಯ ಅಥವಾ ಒಂದು ಸಣ್ಣ ತಂಡದ ಕೈಯಲ್ಲಿ ನಡೆಯುವ ಪದ್ಧತಿಗೆ ಇಂಗ್ಲೆಂಡಿನಲ್ಲಿ ಸ್ಟುಡಿಯೊ ಕುಂಬಾರಿಕೆ ಎಂಬ ಹೆಸರು ಬಂದಿತು. ಹತ್ತಾರು ಕೈಗಳಿಗೆ ಕೆಲಸ ಹಂಚಿ ಒಂದೇ ಬಗೆಯ ಸಾವಿರಾರು ಪಾತ್ರೆಗಳನ್ನು ಹೊರತರುತ್ತಿದ್ದ ಸ್ಟಾಫರ್ಡ್‌ಶೈರ್ ಕಾರ್ಖಾನೆಗಳ ರೀತಿಗೆ ಇದು ತೀರ ಬೇರೆಯಾದುದು. ಜಪಾನಿನಲ್ಲಿ ಈ ವಿದ್ಯೆ ಕಲಿತ ಬರ್ನಾರ್ಡ್ ಲೀಚ್ ಅವರು ಗೆಳೆಯ ಶೋಜಿ ಹಮಾಡ ಅವರೊಡನೆ 1920ರಲ್ಲಿ ಕಾರ್ನ್‌ವಾಲಿನ ಸೇಂಟ್ ಐವ್ಸ್‌ನಲ್ಲಿ ಆವಿಗೆ ಹೂಡಿದ್ದನ್ನೂ, 1938ರಲ್ಲಿ ವಿಯೆನ್ನಾ ತೊರೆದು ಲಂಡನ್ ಸೇರಿದ ಲೂಸಿ ರೀ ಅವರು ತೆಳು ಗೋಡೆಯ ಬಟ್ಟಲುಗಳನ್ನು ಮಾಡಿದ್ದನ್ನೂ ಈ ಕಲೆಯ ಚರಿತ್ರೆಗಳು ವಿವರವಾಗಿ ಹೇಳುತ್ತವೆ. ಆದರೆ ಆ ಪಾತ್ರೆಗಳನ್ನು ಕೊಂಡು ಕುಂಬಾರರ ಒಲೆ ಆರದಂತೆ ನೋಡಿಕೊಂಡವರ ಮಾತು ಅವುಗಳಲ್ಲಿ ಬರುವುದು ಅಪರೂಪ.

ಅಂಥವರಲ್ಲಿ ಯಾರ್ಕ್‌ಶೈರಿನ ವೇಕ್‌ಫೀಲ್ಡಿನವರಾದ ಡಬ್ಲ್ಯೂ. ಎ. ಇಸ್ಮೇ (1910–2001) ಮುಖ್ಯರು. ಇಸ್ಮೇ ಸಿರಿವಂತರಲ್ಲ, ಗ್ರಂಥಪಾಲಕರಾಗಿ ದುಡಿದ ಅವರು 1955ರಿಂದ ಕೊನೆಗಾಲದವರೆಗೂ ತಮ್ಮ ಮಿತ ಆದಾಯದಲ್ಲೇ ಉಳಿಸಿ, ಐನೂರಕ್ಕೂ ಹೆಚ್ಚು ಕುಂಬಾರರ ಸುಮಾರು 3,600 ಪಾತ್ರೆಗಳನ್ನು ಕೂಡಿಹಾಕಿದರು. ಹೆಸರಾಂತರ ಕೃತಿಗಳ ಪಕ್ಕದಲ್ಲೇ ಆಗತಾನೇ ಕಸುಬು ಹಿಡಿದವರ ಹೂಜಿ, ಬೋಗುಣಿಗಳಿಗೂ ಎಡೆ ಸಿಕ್ಕಿದ್ದು ಈ ಸಂಗ್ರಹದ ದೊಡ್ಡ ಗುಣವೆನ್ನಬೇಕು, ಏಕೆಂದರೆ ಪ್ರಸಿದ್ಧರನ್ನಷ್ಟೇ ಆರಿಸಿಕೊಳ್ಳುವ ಸಂಗ್ರಹದಿಂದ ಒಂದು ಕಾಲದ ಕಸುಬು ಇಡಿಯಾಗಿ ತಿಳಿದುಬರುವುದಿಲ್ಲ.

ಸಾಲುಮನೆಗಳ ನಡುವಿನ ಅವರ ಪುಟ್ಟ ಮನೆಯಲ್ಲಿ ಈ ಪಾತ್ರೆಗಳು ಬರಿಯ ನೋಟದ ವಸ್ತುಗಳಾಗಿರಲಿಲ್ಲ. ಅವರು ಅವುಗಳಲ್ಲೇ ಉಂಡು, ಅವುಗಳಲ್ಲೇ ಚಹಾ ಕುಡಿದು, ಬಂದವರಿಗೂ ಅವುಗಳಲ್ಲೇ ಕೊಟ್ಟರು. ಬಟ್ಟಲೊಂದನ್ನು ಬೋರಲು ಮಾಡಿದಾಗ ತಳದಲ್ಲಿ ಕಾಣುವ ಮೆರುಗಿಲ್ಲದ ಒರಟು ಬಳೆ, ಕರಗಿದ ಮೆರುಗು ಆವಿಗೆಯ ಹಲಗೆಗೆ ಅಂಟದಿರಲೆಂದು ಕುಂಬಾರರು ಬರಿದಾಗಿ ಬಿಟ್ಟ ಜಾಗ. ಮಣ್ಣಿನ ನಿಜವಾದ ಬಣ್ಣ ಕಾಣುವುದು, ಬೆರಳಿಗೆ ಅದರ ತರಿ ತಾಗುವುದು, ಹಲವೊಮ್ಮೆ ಮಾಡಿದವರ ಮುದ್ರೆ ಸಿಗುವುದು ಅಲ್ಲಿಯೇ, ಅದರ ಆಸುಪಾಸಿನಲ್ಲಿ. ಕೈಗೆತ್ತಿಕೊಳ್ಳದೆ ಇದೊಂದೂ ತಿಳಿಯುವಂಥದಲ್ಲ.

ಗ್ರಂಥಪಾಲಕರ ಶಿಸ್ತು ಇಲ್ಲಿಯೂ ನೆರವಿಗೆ ಬಂದಿತು. ಖರೀದಿಯ ರಸೀತಿಗಳು, ಕುಂಬಾರರ ಪತ್ರಗಳು, ಪ್ರದರ್ಶನಗಳ ಕೈಪಿಡಿಗಳು ಇವೆಲ್ಲವನ್ನೂ ಅವರು ಜೋಪಾನವಾಗಿಟ್ಟರು. 2001ರಲ್ಲಿ ಅವರ ಉಯಿಲಿನಂತೆ ಸಂಗ್ರಹ ಯಾರ್ಕ್‌ಶೈರ್ ಮ್ಯೂಸಿಯಮ್ಮಿಗೆ ಸೇರಿದಾಗ ಈ ಕಾಗದಪತ್ರಗಳೂ ಜೊತೆಗೆ ಬಂದವು. 2015ರಲ್ಲಿ ಯಾರ್ಕ್ ಆರ್ಟ್ ಗ್ಯಾಲರಿಯಲ್ಲಿ ತೆರೆದ ಸೆರಾಮಿಕ್ ಕಲಾ ಕೇಂದ್ರದಲ್ಲಿ ಅವರ ಪಾತ್ರೆಗಳು ಜನರ ನೋಟಕ್ಕೆ ದೊರೆತಿವೆ, ಆದರೆ ಅವುಗಳಲ್ಲಿ ಈಗ ಯಾರೂ ಚಹಾ ಕುಡಿಯುವುದಿಲ್ಲ.