ಸರಪಳಿ ಹೊಲಿಗೆ ಮತ್ತು ಸಂಡೂರಿನ ಲಂಬಾಣಿ ಕಸೂತಿ

ಕರ್ನಾಟಕದ ಕಸೂತಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಧಾರವಾಡ ಸೀಮೆಯ ಚರಿತ್ರೆಯೇ ಆಗಿದೆ. ಅಲ್ಲಿಯ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಇವೆಲ್ಲವೂ ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ಕುಣಿಕೆಗೆ ಅವುಗಳಲ್ಲಿ ಸ್ಥಾನವಿಲ್ಲ. ಸಿರಿಗೇರಿ, ಸಂಡೂರುಗಳನ್ನೊಳಗೊಂಡ ಬಳ್ಳಾರಿ ಜಿಲ್ಲೆಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಸಂಡೂರಿನ ತಾಂಡಾಗಳ ಲಂಬಾಣಿ ಸ್ತ್ರೀಯರ ಕೈಯಲ್ಲಿ ಕನ್ನಡಿ, ಕವಡೆ, ತೇಪೆಗಳ ಜೊತೆಗೆ ಸರಪಳಿ ಹೊಲಿಗೆಯೂ ಬಳಕೆಯಲ್ಲಿದೆ.

ದಾರವನ್ನು ಮೇಲೆ ತಂದು, ಕುಣಿಕೆಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಸೂಜಿಯನ್ನು ಅದೇ ರಂಧ್ರದಲ್ಲಿಳಿಸಿ ಕುಣಿಕೆಯೊಳಗಿನಿಂದ ಎತ್ತುವುದು, ಇಷ್ಟೇ ಇದರ ಕ್ರಮ. ಪ್ರತಿ ಕುಣಿಕೆಯನ್ನೂ ಅದರ ಮುಂದಿನದು ಹಿಡಿದಿಡುತ್ತದೆ. ಕೊನೆಯದನ್ನು ಕಿರುಹೊಲಿಗೆಯಿಂದ ಬಂಧಿಸದಿದ್ದರೆ ಸಾಲೆಲ್ಲ ಬಿಚ್ಚಿಬರುತ್ತದೆ. ಕ್ರೋಶಾದಲ್ಲಿಯೂ ಇದೇ ನಿಯಮ; ಅಲ್ಲಿ ಬಟ್ಟೆಯಿಲ್ಲ, ಅಷ್ಟೆ. ಎದುರಿಗೆ ಸರಪಳಿಯಾಗಿ ಕಾಣುವುದು ಹಿಂಬದಿಯಲ್ಲಿ ಬರಿಯ ಗೆರೆ. ಎರಡೂ ಬದಿ ಒಂದೇ ತೆರನಾಗಿರಬೇಕೆಂಬ ಗವಂತಿಯ ಅಳತೆಗೋಲಿನಿಂದ ಇದನ್ನು ಒರಟೆಂದು ತೀರ್ಮಾನಿಸುವುದು ನ್ಯಾಯವಲ್ಲ. ಎಳೆಯ ಲೆಕ್ಕದ ಹಂಗಿಲ್ಲದ್ದರಿಂದಲೇ ಈ ಹೊಲಿಗೆ ಬೇಕಾದಂತೆ ಬಳುಕಬಲ್ಲದು, ದಪ್ಪ ಬಟ್ಟೆಯ ಮೇಲೂ ನಿಲ್ಲಬಲ್ಲದು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಅಲೆದ ಸಮುದಾಯದ ಚೀಲಗಳಿಗೆ ಅಂಥ ಗುಣವೇ ಬೇಕಿತ್ತೆಂದು ಊಹಿಸಬಹುದು.

ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಸ್ತ್ರೀಯರು ಸಿದ್ಧಪಡಿಸಿದ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕಿಲನ್, ವೇಲೆ, ಬಕ್ಕ್ಯಾ, ಮಾಕಿ ಮೊದಲಾದ ತಾಂಡಾದ ಹೊಲಿಗೆಯ ಹೆಸರುಗಳಿಗೆ ಮಾತ್ರ ನಮ್ಮ ಕಸೂತಿ ಚರಿತ್ರೆಗಳಲ್ಲಿ ಇನ್ನೂ ಗವಂತಿ, ಮುರ್ಗಿಗಳ ಪಕ್ಕದ ಜಾಗ ಸಿಕ್ಕಿಲ್ಲ.